ಡಬ್ಬಿ ಹಾಲು ಕುಡಿದ ಮಕ್ಕಳು ಮುಂದೆ ದಪ್ಪವಾಗುತ್ತಾರೆಯೇ?

ಪ್ರಶ್ನೆ (ಹುಬ್ಬಳ್ಳಿಯ ತಾಯಿ):
ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ಎದೆಹಾಲು ಸಾಲದ್ದರಿಂದ ವೈದ್ಯರ ಸಲಹೆಯಂತೆ ಡಬ್ಬಿ ಹಾಲನ್ನೂ ಕೊಡುತ್ತಿದ್ದೇನೆ. ಕೂಸು ಮೈಕೈ ತುಂಬಿಕೊಂಡಿರಬೇಕೆಂಬುದು ಅತ್ತೆಯವರ ಆಸೆ. ಬಾಟಲಿಯಲ್ಲಿ ಸ್ವಲ್ಪ ಉಳಿದರೂ ಕುಡಿಸಿಯೇ ಮುಗಿಸುತ್ತಾರೆ. ಡಬ್ಬಿ ಹಾಲಿನ ಮಕ್ಕಳಿಗೆ ಮುಂದೆ ಬೊಜ್ಜು ಬರುತ್ತದೆ ಎಂದು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಇದು ಎಷ್ಟರಮಟ್ಟಿಗೆ ನಿಜ?

ಉತ್ತರ (ಮಕ್ಕಳ ವೈದ್ಯೆ, ಧಾರವಾಡ):
ತಂಗೀ, ಅಷ್ಟು ಭಯ ಬೇಡ. ಎದೆಹಾಲು ಕುಡಿದವರಲ್ಲಿ ಮುಂದೆ ಬೊಜ್ಜು ಕಡಿಮೆ ಎಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಆ ಮನೆಗಳ ಆದಾಯ, ತಾಯಿಯ ತೂಕ, ಊಟದ ರೂಢಿ ಎಲ್ಲವೂ ಬೇರೆಯಾಗಿರುವುದರಿಂದ ಅದರಲ್ಲಿ ಹಾಲಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬೆಲಾರೂಸ್‌ನಲ್ಲಿ 1996ರಲ್ಲಿ ಆರಂಭವಾದ, ಸುಮಾರು 17,000 ತಾಯಿ-ಮಕ್ಕಳಿದ್ದ ಪ್ರಯೋಗದಲ್ಲಿ, ವಿಶೇಷ ಬೆಂಬಲ ಪಡೆದ ತಾಯಂದಿರು ಹೆಚ್ಚು ಕಾಲ ಎದೆಹಾಲುಣಿಸಿದರೂ, ಹನ್ನೊಂದೂವರೆ ವರ್ಷದ ಹೊತ್ತಿಗೆ ಅವರ ಮಕ್ಕಳಲ್ಲಿ ಬೊಜ್ಜು ಕಡಿಮೆಯಾಗಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಪ್ರೋಟೀನ್. ಯುರೋಪಿನ ಐದು ದೇಶಗಳ ಪ್ರಯೋಗವೊಂದರಲ್ಲಿ, ಹೆಚ್ಚು ಪ್ರೋಟೀನಿನ ಡಬ್ಬಿ ಹಾಲು ಕುಡಿದವರಲ್ಲಿ ಆರನೆಯ ವಯಸ್ಸಿಗೆ ಬೊಜ್ಜು ಹೆಚ್ಚು ಕಂಡಿತು. ಹಸುವಿನ ಹಾಲಿನಲ್ಲಿ ಪ್ರೋಟೀನ್ ಎದೆಹಾಲಿನ ಸುಮಾರು ಮೂರು ಪಟ್ಟು ಇರುವುದರಿಂದ ವರ್ಷ ತುಂಬುವವರೆಗೆ ಅದನ್ನು ಮುಖ್ಯ ಹಾಲಾಗಿ ಕೊಡಬೇಡಿರಿ. ಪುಡಿಯನ್ನೂ ಅಳತೆಯ ಚಮಚದ ಅಂಚಿಗೆ ಸಮ ಮಾಡಿ, ಡಬ್ಬಿಯ ಮೇಲೆ ಬರೆದಷ್ಟೇ ನೀರಿಗೆ ಹಾಕಿರಿ. ಗಟ್ಟಿಯಾದರೆ ಪುಷ್ಟಿಯೆಂದು ಒಂದು ಚಮಚ ಹೆಚ್ಚಿಸುವುದು ಬೇಡ.

ಉತ್ತರ (ಅಂಗನವಾಡಿ ಕಾರ್ಯಕರ್ತೆ, ಗದಗ):
ಅಕ್ಕಾವರೇ, ಬಾಟಲಿ ಖಾಲಿ ಮಾಡಿಸುವುದನ್ನು ಮೊದಲು ನಿಲ್ಲಿಸಿರಿ. ಕೂಸು ಹೀರುವುದನ್ನು ಬಿಟ್ಟು ಮುಖ ತಿರುಗಿಸಿದರೆ, ತುಟಿ ಬಿಗಿಹಿಡಿದರೆ ಅದಕ್ಕೆ ಹೊಟ್ಟೆ ತುಂಬಿದೆ ಎಂದರ್ಥ. ಮತ್ತೆ ಮತ್ತೆ ತುರುಕಿದರೆ ತನ್ನ ಹಸಿವನ್ನು ತಾನೇ ಅರಿಯುವ ರೂಢಿ ಅದಕ್ಕೆ ತಪ್ಪುತ್ತದೆ. ಅತ್ತೆಯವರಿಗೆ ತಾಯಿ ಕಾರ್ಡಿನ ತೂಕದ ಗೆರೆಯನ್ನು ತೋರಿಸಿರಿ. ಗೆರೆ ತನ್ನ ದಾರಿಯಲ್ಲೇ ಏರುತ್ತಿದ್ದರೆ ಸಾಕು. ಮೇಲಿನ ಗೆರೆಗಳನ್ನು ಒಂದೊಂದಾಗಿ ದಾಟುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಆರು ತಿಂಗಳು ತುಂಬಿದ ಮೇಲೆ ರಾಗಿ ಗಂಜಿ ಕೊಡುವಾಗ ಸಕ್ಕರೆ, ಬೆಲ್ಲ ಬೆರೆಸಬೇಡಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸ್ವಲ್ಪವೇ ಬರುವ ಎದೆಹಾಲಿನಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ (ಮಕ್ಕಳ ವೈದ್ಯೆ, ಧಾರವಾಡ):
ಖಂಡಿತ ಇದೆ. ತೂಕದ ಮಾತು ಹಾಗಿರಲಿ, ಭೇದಿ ಮತ್ತು ಕಿವಿಯ ಸೋಂಕಿನಿಂದ ಎದೆಹಾಲು ಮಗುವನ್ನು ಕಾಯುತ್ತದೆ. ಪ್ರತಿ ಸಲ ಮೊದಲು ಎದೆಗೆ ಹಾಕಿ, ಆಮೇಲೆ ಡಬ್ಬಿ ಹಾಲು ಕೊಡಿರಿ; ಮಗು ಹೀರಿದಷ್ಟೂ ಹಾಲು ಹೆಚ್ಚುವ ಸಂಭವವಿದೆ.