ಕುತ್ತಿಗೆಯ ಟಿಬಿ ಗಂಟು ಮತ್ತೆ ಕಾಣಿಸಿಕೊಂಡರೆ ಆಪರೇಷನ್ ಮಾಡಿಸಬೇಕೇ?

ಪ್ರಶ್ನೆ: ನನ್ನ ತಂಗಿಯ ಕುತ್ತಿಗೆಯ ದುಗ್ಧಗ್ರಂಥಿಗೆ ಕ್ಷಯ ತಗುಲಿತ್ತು. ಆರು ತಿಂಗಳ ಮಾತ್ರೆಗಳನ್ನು ತಪ್ಪದೆ ನುಂಗಿ ಮುಗಿಸಿದ ಕೆಲವೇ ವಾರಗಳಲ್ಲಿ, ಹಳೆಯ ಗಂಟಿನ ಪಕ್ಕದಲ್ಲೇ ಇನ್ನೊಂದು ಕೈಗೆ ಸಿಗುತ್ತಿದೆ. ಆಪರೇಷನ್ ಮಾಡಿಸಿ ತೆಗೆಸಿಬಿಟ್ಟರೆ ರೋಗ ಮರುಕಳಿಸುವುದು ನಿಲ್ಲುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಇದೇ ಕಾಯಿಲೆಯಿಂದ ಗುಣವಾದವನು, ಒಂದು ಗಂಟನ್ನು ತೆಗೆಸಿಕೊಂಡವನೂ ಹೌದು. ಆದರೆ ಅದನ್ನು ತೆಗೆದದ್ದು ರೋಗ ವಾಸಿಯಾಗಲೆಂದಲ್ಲ. ಸೂಜಿ ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗದ ಕಾರಣ ಬಯಾಪ್ಸಿಗೆಂದು ತೆಗೆದರು, ಆಮೇಲೆ ಮಾತ್ರೆಗಳ ಪೂರ್ತಿ ಕೋರ್ಸ್ ಹೇಗೂ ತಪ್ಪಲಿಲ್ಲ. ಕೈಗೆ ಸಿಗುವ ಗಂಟನ್ನು ತೆಗೆದರೂ ಅಕ್ಕಪಕ್ಕದ ಗ್ರಂಥಿಗಳಲ್ಲಿ ಅಡಗಿರುವ ರೋಗಾಣು ಅಲ್ಲೇ ಉಳಿಯುತ್ತದೆಯಾದ್ದರಿಂದ, ಈ ಕಾಯಿಲೆಗೆ ಔಷಧವೇ ಮುಖ್ಯ ಚಿಕಿತ್ಸೆ.

ನಿಮ್ಮ ತಂಗಿಯವರ ಹೊಸ ಗಂಟನ್ನು ಈಗಲೇ ಮರುಕಳಿಕೆ ಎಂದು ತೀರ್ಮಾನಿಸಬೇಡಿ. ಸತ್ತ ರೋಗಾಣುಗಳ ಅವಶೇಷದ ಮೇಲೆ ದೇಹದ ರೋಗನಿರೋಧಕ ಶಕ್ತಿ ತಿರುಗಿಬಿದ್ದಾಗಲೂ ಗ್ರಂಥಿಗಳು ಊದಿಕೊಳ್ಳುತ್ತವೆ, ಹೊಸವು ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ಕೀವೂ ತುಂಬುತ್ತದೆ. ಇದು ಚಿಕಿತ್ಸೆಯ ನಡುವೆ ಆಗುವಂತೆ ಅದು ಮುಗಿದ ಮೇಲೂ ಆಗಬಹುದು. ನನ್ನ ಗಂಟುಗಳು ಎರಡನೆಯ ತಿಂಗಳಲ್ಲಿ ದೊಡ್ಡದಾದವು, ಔಷಧ ಬದಲಿಸದೆಯೇ ಇಳಿದವು. ಇದು ಮರುಕಳಿಕೆಯೋ ಅಲ್ಲವೋ ಎಂಬುದನ್ನು ಹೇಳಬೇಕಾದುದು ಕಲ್ಚರ್ ಪರೀಕ್ಷೆ, ಅಂದರೆ ಗಂಟಿನಿಂದ ತೆಗೆದ ಮಾದರಿಯಲ್ಲಿ ಜೀವಂತ ರೋಗಾಣು ಬೆಳೆಯುತ್ತದೋ ಎಂದು ಲ್ಯಾಬಿನಲ್ಲಿ ನೋಡುವುದು. ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಬೇಗ ಫಲಿತಾಂಶ ಕೊಡುತ್ತದೆ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ, ನಿಜ. ಆದರೆ ಅದು ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಹಿಡಿಯುವುದರಿಂದ, ಒಮ್ಮೆ ಚಿಕಿತ್ಸೆ ಪಡೆದವರಲ್ಲಿ ಅದೊಂದನ್ನೇ ನಂಬಲಾಗದು. ಕಲ್ಚರ್ ವರದಿಗೆ 6ರಿಂದ 8 ವಾರ ಹಿಡಿಯಬಹುದು. ಆ ಕಾಯುವಿಕೆಯೇ ನನ್ನ ಮಟ್ಟಿಗೆ ಆಪರೇಷನ್‌ಗಿಂತ ಕಷ್ಟದ್ದಾಗಿತ್ತು.

ಉತ್ತರ 2: ಗಂಟು ಮೆತ್ತಗಾಗಿ ಮೇಲಿನ ಚರ್ಮ ಕೆಂಪಾಗಿದ್ದರೆ ಮಾತ್ರ ತಡಮಾಡಬೇಡಿ. ನನ್ನ ಅಣ್ಣನವರಿಗೆ ಒಂದು ಆಸ್ಪತ್ರೆಯಲ್ಲಿ ಸಾಮಾನ್ಯ ಕುರುವೆಂದು ಭಾವಿಸಿ ಕೊಯ್ದು ಕೀವು ತೆಗೆದರು. ಆ ಗಾಯ ಮುಚ್ಚದೆ ತಿಂಗಳುಗಟ್ಟಲೆ ಸೋರುತ್ತಲೇ ಇತ್ತು, ಅಂಗಿಯ ಕಾಲರ್ ದಿನವೂ ಅಂಟುತ್ತಿತ್ತು. ಇಂಥ ಕೀವನ್ನು, ಅಗತ್ಯಬಿದ್ದರೆ ಮತ್ತೆ ಮತ್ತೆ, ಪಕ್ಕದ ಆರೋಗ್ಯವಂತ ಚರ್ಮದ ಮೂಲಕ ಸೂಜಿ ಹಾಕಿ ತೆಗೆಯುವುದು ಉತ್ತಮವೆಂದು ಅನಂತರ ನೋಡಿದ ವೈದ್ಯರು ವಿವರಿಸಿದರು.

ಉತ್ತರ 3: ಔಷಧದಿಂದ ಕರಗದ ದೊಡ್ಡ ಗಂಟಿಗೆ, ಸೋರುತ್ತಲೇ ಇರುವ ಗಾಯಕ್ಕೆ ಆಪರೇಷನ್ ಬೇಕಾಗುವುದುಂಟು. ಹಾಗೇನಾದರೂ ನಿರ್ಧಾರವಾದರೆ, ಭುಜವನ್ನು ಎತ್ತುವ ಸ್ನಾಯುವಿಗೆ ಹೋಗುವ ನರವು ಕುತ್ತಿಗೆಯ ಪಕ್ಕದಲ್ಲಿ ಚರ್ಮದಿಂದ ಹೆಚ್ಚು ಆಳವಿಲ್ಲದೆ ಸಾಗುವುದರಿಂದ, ಗಂಟು ಅದಕ್ಕೆ ಎಷ್ಟು ಹತ್ತಿರವಿದೆಯೆಂದು ಶಸ್ತ್ರವೈದ್ಯರನ್ನು ಮೊದಲೇ ಕೇಳಿ. ನನಗೆ ಆಪರೇಷನ್ ಆದ ಮೇಲೆ ಬಹಳ ಕಾಲ ತಲೆ ಬಾಚಲು ಕೈ ಮೇಲೇರುತ್ತಿರಲಿಲ್ಲ, ಫಿಸಿಯೋಥೆರಪಿಯಿಂದ ಸರಿಹೋಯಿತು. ತೆಗೆದ ಗಂಟನ್ನು ಪೂರ್ತಿಯಾಗಿ ರೋಗಾಣುವನ್ನು ಕೊಲ್ಲುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿಬಿಟ್ಟರೆ ಕಲ್ಚರ್ ಸಾಧ್ಯವಾಗದು, ಒಂದು ತುಂಡನ್ನು ಸಲೈನ್‌ನಲ್ಲಿ ಬೇರೆಯಾಗಿ ಕಳುಹಿಸುವಂತೆ ಮುಂಚೆಯೇ ವಿನಂತಿಸಿಕೊಳ್ಳಿ.