8 ಇಂಚಿನ ಟೆಲಿಸ್ಕೋಪಿನ ಬೆನ್ನ ಮೇಲೆ 80 ಮಿ.ಮೀ. ರಿಫ್ರ್ಯಾಕ್ಟರ್ ಕೂರಿಸುವುದು ಹೇಗೆ?

ಪ್ರಶ್ನೆ:
ಜರ್ಮನ್ ಇಕ್ವಟೋರಿಯಲ್ ಮೌಂಟ್ (ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ, ಎದುರು ತೂಕ ಹಾಕಬೇಕಾದ ಸ್ಟ್ಯಾಂಡ್) ಮೇಲೆ 2032 ಮಿ.ಮೀ. ಫೋಕಲ್ ಲೆಂತ್‌ನ 8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ (ಮುಂದೆ ತೆಳು ಗಾಜಿರುವ ಕನ್ನಡಿ ಟೆಲಿಸ್ಕೋಪ್) ಇದೆ. ಅದರ ಮೇಲೆ 80 ಮಿ.ಮೀ., ಎಫ್/6 ರಿಫ್ರ್ಯಾಕ್ಟರ್ (ಲೆನ್ಸ್ ಟೆಲಿಸ್ಕೋಪ್) ಹಾಕಬೇಕು. ರಿಂಗು, ಡಯಾಗನಲ್ (ನೋಟವನ್ನು ಮೇಲಕ್ಕೆ ತಿರುಗಿಸುವ ಭಾಗ) ಎಲ್ಲ ಸೇರಿ 2.5 ಕೆ.ಜಿ. ಟ್ಯೂಬಿಗೆ ತೂತು ಕೊರೆಯದೆ ಆಗುತ್ತದೆಯೇ? ಕೌಂಟರ್‌ವೇಟ್ ಎಷ್ಟು ಹೆಚ್ಚಿಸಬೇಕು? ದೊಡ್ಡದರಲ್ಲಿ ಫೋಟೊ ತೆಗೆಯುವಾಗ ಚಿಕ್ಕದರಿಂದ ಗೈಡಿಂಗ್ (ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟಿನ ಚಲನೆ ತಿದ್ದುವುದು) ಮಾಡಬಹುದೇ?

ಉತ್ತರ 1:
ಕೊರೆಯಲೇಬೇಡಿ. ಟ್ಯೂಬಿನ ಎರಡೂ ತುದಿಯ ಲೋಹದ ಬಳೆಗಳಲ್ಲಿ ಈಗಾಗಲೇ ಸ್ಕ್ರೂಗಳಿವೆ. ನಿಮ್ಮ ಮಾದರಿಗೆಂದೇ ಮಾಡಿದ ಡವ್‌ಟೇಲ್ ಪಟ್ಟಿ (ರಿಂಗು ಕೂರಿಸುವ ಓರೆ ಅಂಚಿನ ಲೋಹದ ಪಟ್ಟಿ) ಅಲ್ಲೇ ಕೂರುತ್ತದೆ. ಎಡವಟ್ಟಾಗುವುದು ಸ್ಕ್ರೂ ಉದ್ದದಲ್ಲಿ. ಹಳೆಯ ಸ್ಕ್ರೂ ಅಳೆದು, ಪಟ್ಟಿಯ ದಪ್ಪವನ್ನಷ್ಟೇ ಕೂಡಿಸಿ. ಅದಕ್ಕಿಂತ ಉದ್ದವಾದರೆ ಮುಂದುಗಡೆ ಕರೆಕ್ಟರ್ ಗಾಜಿನ ಅಂಚಿಗೆ, ಹಿಂದುಗಡೆ ಕನ್ನಡಿಗೆ ತಾಗೀತು. ಬಿಗಿ ಮಾಡಿದ ಮೇಲೆ ಫೋಕಸ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ ನೋಡಿ. ಎಲ್ಲಾದರೂ ತಡೆದಂತಾದರೆ ಬಲ ಹಾಕದೆ ಸ್ಕ್ರೂ ಬಿಚ್ಚಿ.

ಉತ್ತರ 2:
ಕೌಂಟರ್‌ವೇಟ್‌ಗೆ ಲೆಕ್ಕ ಇದು: ತೂಕವನ್ನು ಆರ್‌ಎ ಅಕ್ಷದಿಂದ (ಮೌಂಟ್ ಪೂರ್ವ-ಪಶ್ಚಿಮವಾಗಿ ತಿರುಗುವ ಅಕ್ಷ) ಇರುವ ದೂರದಿಂದ ಗುಣಿಸಿ. ದೊಡ್ಡ ಟ್ಯೂಬು 6 ಕೆ.ಜಿ., ಅದರ ನಡುಭಾಗ ಅಕ್ಷದಿಂದ 28 ಸೆಂ.ಮೀ. ಎಂದಿಟ್ಟುಕೊಂಡರೆ 168. ಚಿಕ್ಕದು 48 ಸೆಂ.ಮೀ. ದೂರದಲ್ಲಿ ಕೂರುವುದರಿಂದ 2.5 × 48 = 120. ಒಟ್ಟು 288. ಕೌಂಟರ್‌ವೇಟ್ 40 ಸೆಂ.ಮೀ.ಯಲ್ಲಿದ್ದರೆ ಮೊದಲು 4.2 ಕೆ.ಜಿ. ಸಾಕಿತ್ತು, ಈಗ 7.2 ಬೇಕು. ಮೇಲೆ ಹೇರಿದ್ದು ಎರಡೂವರೆ ಕೆ.ಜಿ., ಕೆಳಗೆ ಕೇಳುವುದು ಮೂರು! ಹಾಗಾಗಿ ರಿಂಗುಗಳು ಆದಷ್ಟು ತಗ್ಗಾಗಿರಲಿ. ನಿಮ್ಮ ಅಳತೆ ಹಾಕಿ ಇದೇ ಲೆಕ್ಕ ಮಾಡಿ.

ಕ್ಯಾಮೆರಾ ಹಾಕಿ, ಫೋಕಸ್ ಮಾಡಿದ ಸ್ಥಿತಿಯಲ್ಲೇ ಮೊದಲು ಡೆಕ್ (ಉತ್ತರ-ದಕ್ಷಿಣವಾಗಿ ತಿರುಗುವ ಅಕ್ಷ), ಆಮೇಲೆ ಆರ್‌ಎ ಸಮತೋಲ ನೋಡಿ. ಫೋರ್ಕ್ ಮೌಂಟ್ (ಟ್ಯೂಬನ್ನು ಎರಡು ತೋಳುಗಳ ನಡುವೆ ಹಿಡಿಯುವುದು) ಆದರೆ ಕಥೆ ಬೇರೆ: ಅಲ್ಲಿ ಮೇಲಿನ ಭಾರ ಡೆಕ್ ಅಕ್ಷದಿಂದ ಹೊರಗಿರುತ್ತದೆ, ಟ್ಯೂಬಿನ ಹೊಟ್ಟೆಯ ಕೆಳಗೆ ಜಾರುವ ತೂಕ ಹಾಕಲೇಬೇಕು.

ಉತ್ತರ 3:
ಗೈಡಿಂಗ್ ಬಗ್ಗೆ: ಈ ಬಗೆಯ ಟ್ಯೂಬಿನಲ್ಲಿ ಫೋಕಸ್‌ಗಾಗಿ ಕನ್ನಡಿಯೇ ಸರಿಯುತ್ತದೆ, ಮೌಂಟ್ ತಿರುಗಿದಂತೆ ತುಸು ವಾಲುತ್ತದೆ ಕೂಡ. ಮೇಲೆ ಕುಳಿತ ರಿಫ್ರ್ಯಾಕ್ಟರಿಗೆ ಅದು ಕಾಣುವುದೇ ಇಲ್ಲ. ಗೈಡಿಂಗ್ ಗ್ರಾಫ್ ಚೊಕ್ಕಟವಾಗಿರುತ್ತದೆ, ಫೋಟೊದಲ್ಲಿ ನಕ್ಷತ್ರ ಉದ್ದವಾಗಿರುತ್ತದೆ. ರಿಂಗುಗಳ ನಡುವೆ 200 ಮಿ.ಮೀ. ಇದ್ದರೆ ಒಂದು ತುದಿ ಬರೀ 1 ಮೈಕ್ರಾನ್ ಕುಸಿದರೂ 1 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ತಪ್ಪು. 3.76 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 2032 ಮಿ.ಮೀ.ಗೆ ಒಂದು ಪಿಕ್ಸೆಲ್ ಎಂದರೆ 0.38 ಆರ್ಕ್‌ಸೆಕೆಂಡ್, ಅಂದರೆ ಎರಡೂವರೆ ಪಿಕ್ಸೆಲ್ ಹೋಯಿತು. ದೊಡ್ಡದರಲ್ಲಿ ಫೋಟೊ ತೆಗೆಯುವುದಾದರೆ ಆಫ್-ಆಕ್ಸಿಸ್ ಗೈಡರ್ (ದೊಡ್ಡ ಟ್ಯೂಬಿನದೇ ಬೆಳಕಿನ ಅಂಚಿನಿಂದ ಗೈಡಿಂಗ್ ಮಾಡುವ ಸಾಧನ) ಹಾಕಿ. ರಿಫ್ರ್ಯಾಕ್ಟರನ್ನು ಅಗಲ ನೋಟಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಎರಡನ್ನೂ ಒಂದೇ ನಕ್ಷತ್ರಕ್ಕೆ ಹೊಂದಿಸಲು ಮೂರು ಸ್ಕ್ರೂ ಇರುವ ರಿಂಗ್ ಒಳ್ಳೆಯದೇ?

ಉತ್ತರ 3:
ಕಣ್ಣಿನಿಂದ ನೋಡಲಷ್ಟೇ ಆದರೆ ಸರಿ. ನೈಲಾನ್ ತುದಿಯ ಸ್ಕ್ರೂ ಭಾರಕ್ಕೆ ಅಮುಕಿಕೊಳ್ಳುತ್ತದೆ, ಕ್ಯಾಮೆರಾ ಹಾಕಿದರೆ ತೊಂದರೆ. ಟ್ಯೂಬನ್ನು ಸುತ್ತ ಅಪ್ಪುವ ರಿಂಗು ಹಾಕಿ, ಒಂದು ರಿಂಗಿನ ಬುಡಕ್ಕೆ ತೆಳು ಅಲ್ಯೂಮಿನಿಯಂ ತಗಡು ಕೊಡಿ. 200 ಮಿ.ಮೀ. ಅಂತರದಲ್ಲಿ 0.1 ಮಿ.ಮೀ. ತಗಡು ಸುಮಾರು 1.7 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ 60 ಆರ್ಕ್‌ಸೆಕೆಂಡ್) ಎತ್ತುತ್ತದೆ.

ಸೂರ್ಯನನ್ನು ನೋಡುವಾಗ ಎರಡಕ್ಕೂ ಮುಂದುಗಡೆ ಸೌರ ಫಿಲ್ಟರ್ ಇರಬೇಕು, ಬಳಸದ ಟ್ಯೂಬಿಗೆ ಮುಚ್ಚಳವಾದರೂ ಇರಬೇಕು. ಫೈಂಡರನ್ನು (ಗುರಿ ಹುಡುಕುವ ಪುಟ್ಟ ಟೆಲಿಸ್ಕೋಪ್) ಮರೆಯಬೇಡಿ, ಬಿಚ್ಚಿಟ್ಟುಬಿಡಿ.