ಕಾಫಿ ತೋಟದ ತೇವದಲ್ಲಿ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ: ಕೊಳ್ಳಬೇಕೇ, ಬಿಡಬೇಕೇ?

ಕಕ್ಕಬ್ಬೆಯವನು ಕೇಳುತ್ತಾರೆ:

ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಹತ್ತು ವರ್ಷಗಳಿಂದ ಡಿಜಿಟಲ್ ಕ್ಯಾಮೆರಾ ಬಳಸುತ್ತಿದ್ದೇನೆ. ಹಾರ್ಡ್ ಡಿಸ್ಕಿನ ತುಂಬ ಸಾವಿರಾರು ಚಿತ್ರಗಳಿದ್ದರೂ ನಮ್ಮ ಐನ್‌ಮನೆಯ (ಮನೆತನದ ಮೂಲ ಮನೆಯ) ಗೋಡೆಯ ಮೇಲಿರುವುದೆಲ್ಲ ಅಜ್ಜನ ಕಾಲದ ಫಿಲ್ಮ್ ಚಿತ್ರಗಳೇ. ಈಗ ಮೈಸೂರಿನ ಪರಿಚಿತರೊಬ್ಬರು ತಮ್ಮ ತಂದೆಯವರು ಬಳಸುತ್ತಿದ್ದ ಎರಡು ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ) ಫಿಲ್ಮ್ ಕ್ಯಾಮೆರಾಗಳನ್ನು ಮಾರಲು ಹೊರಟಿದ್ದಾರೆ. ಯಾಶಿಕಾ ಇಲೆಕ್ಟ್ರೋ 35 ಜಿಎಸ್‌ಎನ್‌ಗೆ 7,000 ರೂಪಾಯಿ, ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-3ಕ್ಕೆ 12,000 ರೂಪಾಯಿ ಹೇಳಿದ್ದಾರೆ. ಎರಡೂ ಇಪ್ಪತ್ತು ವರ್ಷ ಬೀರುವಿನಲ್ಲಿ, ಚರ್ಮದ ಚೀಲದೊಳಗೇ ಕುಳಿತಿದ್ದವಂತೆ.

ನನ್ನ ಮನಸ್ಸಿನಲ್ಲಿರುವುದು ಮೂರು ಬಗೆಯ ಚಿತ್ರಗಳು. ಕೈಯಾಲೆಯಲ್ಲಿ (ಜಗಲಿಯಲ್ಲಿ) ಕುಳಿತ ಒಕ್ಕದ, ಅಂದರೆ ಮನೆತನದ, ಹಿರಿಯರನ್ನು ಅವರಿಗೆ ಮುಜುಗರವಾಗದಂತೆ ಸೆರೆಹಿಡಿಯಬೇಕು; ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಿಂದ ಕದಿರು ತರುವುದನ್ನು ದಾಖಲಿಸಬೇಕು; ಹೂಮಳೆಯ ನಂತರ ಗಿಡಗಳು ಬೆಳ್ಳಗಾಗುವ ಆ ಮೂರು-ನಾಲ್ಕು ದಿನಗಳಲ್ಲಿ ಕಾಫಿ ಹೂವನ್ನು ತೀರ ಹತ್ತಿರದಿಂದ ತೆಗೆಯಬೇಕು. ಚಿಕ್ಕದು, ಸದ್ದು ಮಾಡದು ಎಂಬ ಕಾರಣಕ್ಕೆ ರೇಂಜ್‌ಫೈಂಡರ್ ಕಡೆಗೆ ಮನಸ್ಸು ವಾಲಿದೆ. ಆದರೆ ಮನೆಯಾಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ: “ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಇದನ್ನು ಒಣಗಿಸಿಡುವವರು ಯಾರು?”

ಗೋಣಿಕೊಪ್ಪದ ಹಳಬ ಉತ್ತರಿಸುತ್ತಾರೆ:

ಮೊದಲು ಹೂವಿನ ಆಸೆಯನ್ನು ಬಿಟ್ಟುಬಿಡಿ, ಏಕೆಂದರೆ ಈ ಎರಡು ಕ್ಯಾಮೆರಾಗಳೂ 80 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಆಗುವುದಿಲ್ಲ. ಕ್ಯಾನೊನೆಟ್ಟಿನ 40 ಮಿಲಿಮೀಟರ್ ಲೆನ್ಸಿನಲ್ಲಿ ಅಷ್ಟು ದೂರದಿಂದ ನೋಡಿದರೆ ಹೆಚ್ಚುಕಡಿಮೆ 70 ಸೆಂಟಿಮೀಟರ್ ಅಗಲದ ಜಾಗ ಚೌಕಟ್ಟಿನೊಳಗೆ ಬರುತ್ತದೆ. ಅಂದರೆ ರೆಂಬೆ ಪೂರ್ತಿ ಸಿಕ್ಕುತ್ತದೆ, ಹೂವು ಅಕ್ಕಿಕಾಳಿನಂತೆ ಕಾಣುತ್ತದೆ. ಇದು ಆ ಕ್ಯಾಮೆರಾದ ದೋಷವಲ್ಲ, ಅದರ ಕಟ್ಟಡವೇ ಹಾಗೆ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಮೂಲಕ ಬಂದ ಬಿಂಬವನ್ನೇ ಕನ್ನಡಿಯಲ್ಲಿ ಕಾಣುತ್ತೇವೆ. ರೇಂಜ್‌ಫೈಂಡರಿನಲ್ಲಿ ಕಣ್ಣಿಗೆ ಬೇರೆಯದೇ ಕಿಟಕಿಯಿದೆ, ಅದರಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಪುಟ್ಟ ಕಿಟಕಿಯಿದೆ. ಎರಡು ಕಿಟಕಿಗಳ ಬಿಂಬಗಳು ನಡುವಿನ ಹಳದಿ ಮಚ್ಚೆಯಲ್ಲಿ ಒಂದರ ಮೇಲೊಂದು ಕೂಡಿಕೊಂಡಾಗ ಫೋಕಸ್ ಆಯಿತೆಂದು ತಿಳಿಯಬೇಕು. ಕಣ್ಣು ನೋಡುವ ಜಾಗಕ್ಕೂ ಲೆನ್ಸ್ ನೋಡುವ ಜಾಗಕ್ಕೂ ಇರುವ ಅಂತರ ದೂರದ ದೃಶ್ಯಕ್ಕೆ ಲೆಕ್ಕಕ್ಕೆ ಬಾರದು, ಹತ್ತಿರ ಹೋದಷ್ಟೂ ಕಾಡುತ್ತದೆ. ಹೂವಿಗೆ ನಿಮ್ಮ ಡಿಜಿಟಲ್ಲೇ ಇರಲಿ.

ಹಿರಿಯರ ವಿಷಯಕ್ಕೆ ಬಂದರೆ ನನ್ನ ಮಾತು ಪೂರ್ತಿ ಬೇರೆ. ಒಂದೂವರೆ-ಎರಡು ಮೀಟರ್ ದೂರದಲ್ಲಿ, ಎದುರಿನ ಜಗಲಿಯ ಮೇಲೆ ಕುಳಿತು ಮಾತನಾಡುತ್ತಲೇ ಚಿತ್ರ ತೆಗೆಯುವುದಕ್ಕೆ ಇದಕ್ಕಿಂತ ಒಪ್ಪುವ ಯಂತ್ರವನ್ನು ನಾನು ಬಳಸಿಲ್ಲ. ಲೆನ್ಸಿನೊಳಗೇ ಇರುವ, ತೆಳು ಎಲೆಗಳಂತೆ ತೆರೆದು ಮುಚ್ಚುವ ಎಲೆ ಶಟರಿನ ಸದ್ದು ಪಕ್ಕದವರಿಗೂ ಕೇಳಿಸುವುದು ಕಷ್ಟ, ಮೇಲೆದ್ದು ಬೀಳುವ ಕನ್ನಡಿಯೂ ಇಲ್ಲ. ಚಿತ್ರ ತೆಗೆಯುವ ಕ್ಷಣದಲ್ಲಿಯೂ ಮುಖ ಕಣ್ಣಿನಿಂದ ಮರೆಯಾಗುವುದಿಲ್ಲ. ಚೌಕಟ್ಟಿನ ಗೆರೆಯಾಚೆಗೂ ಕಾಣುವುದರಿಂದ ಯಾರು ಒಳಗೆ ಬರುತ್ತಿದ್ದಾರೆಂಬುದು ಮೊದಲೇ ತಿಳಿಯುತ್ತದೆ.

ಮಡಿಕೇರಿಯ ಮಂಜು ಉತ್ತರಿಸುತ್ತಾರೆ:

ಎರಡರಲ್ಲಿ ಯಾವುದೆಂದು ಕೇಳಿದರೆ ಕ್ಯಾನೊನೆಟ್ ಎನ್ನುತ್ತೇನೆ. ಯಾಶಿಕಾದ, ಹೆಚ್ಚು ಬೆಳಕು ಒಳಬಿಡುವ ಎಫ್ 1.7 ಲೆನ್ಸ್ ಕಡಿಮೆಯದೇನಲ್ಲ. ಆದರೆ ಅದರ ಶಟರ್ ವಿದ್ಯುತ್ತಿನಿಂದ ನಡೆಯುವಂಥದ್ದು, ಬ್ಯಾಟರಿ ಸತ್ತರೆ 1/500 ಸೆಕೆಂಡಿನ ಒಂದೇ ವೇಗ ಉಳಿಯುತ್ತದೆ, ಮತ್ತು ಆ ವೇಗ ನಮ್ಮ ನೆರಳುಮರಗಳ ಕೆಳಗೆ ಯಾವ ಪ್ರಯೋಜನಕ್ಕೂ ಬಾರದು. ಕ್ಯಾನೊನೆಟ್ಟಿನ ಶಟರ್ ಪೂರ್ತಿ ಯಾಂತ್ರಿಕ. ಬ್ಯಾಟರಿ ಇಲ್ಲದಿದ್ದರೆ ಲೈಟ್ ಮೀಟರ್ ಮಾತ್ರ ನಿಲ್ಲುತ್ತದೆ, 1/4ರಿಂದ 1/500ರವರೆಗಿನ ವೇಗಗಳೆಲ್ಲ ಕೈಯಲ್ಲೇ ಇರುತ್ತವೆ. ಎರಡಕ್ಕೂ ಮೂಲದಲ್ಲಿ ಬೇಕಾಗಿದ್ದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಯಾಶಿಕಾಕ್ಕೆ 6 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಸ್ಪ್ರಿಂಗ್ ಇಟ್ಟು ಕೂರಿಸಬಹುದು. ಕ್ಯಾನೊನೆಟ್ಟಿಗೆ ಕಿವಿಯ ಯಂತ್ರಕ್ಕೆ ಹಾಕುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ ಒಪ್ಪುತ್ತದೆ, ಸಾಮಾನ್ಯ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆಯೆಂದು ನಂಬಿ ಚಿತ್ರವನ್ನು ಕತ್ತಲಾಗಿಸುತ್ತದೆ.

ಮೈಸೂರಿಗೆ ಹೋದಾಗ ದುಡ್ಡು ತೆಗೆಯುವ ಮೊದಲು ಹಿಂಬಾಗಿಲು ತೆರೆದು, ಅಪರ್ಚರನ್ನು (ಬೆಳಕಿನ ಕಿಂಡಿಯನ್ನು) ಪೂರ್ತಿ ಅಗಲಿಸಿ, ಒತ್ತಿರುವಷ್ಟು ಹೊತ್ತೂ ತೆರೆದಿರುವ ‘ಬಿ’ ಗುರುತಿನಲ್ಲಿ ಶಟರನ್ನು ಒತ್ತಿಹಿಡಿದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು; ಗಾಜಿನ ಲೇಪನವನ್ನು ತಿಂದುಬಿಟ್ಟಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಕ್ಯಾನೊನೆಟ್ಟಿನ ವೇಗವನ್ನು 1/4ಕ್ಕೆ ಇಟ್ಟು ಕಿವಿಗೊಡಿ. ಶಟರಿನ ಎಲೆಗಳು ಜಿಡ್ಡು ಹಿಡಿದಿದ್ದರೆ ನಡುವೆಯೇ ತಡೆದು ನಿಲ್ಲುತ್ತವೆ. ಯಾಶಿಕಾದಲ್ಲಿ ಫಿಲ್ಮಿನ ಸನ್ನೆಯನ್ನು ಎಳೆಯುವಾಗ ಒಳಗಿನಿಂದ ‘ಟಕ್’ ಎಂಬ ಸದ್ದು ಬರಲೇಬೇಕು. ಬಾರದಿದ್ದರೆ ಒಳಗಿನ ರಬ್ಬರಿನ ಬಿಲ್ಲೆ ಕರಗಿಹೋಗಿದೆಯೆಂದು ತಿಳಿಯಿರಿ.

ಕೊನೆಯದಾಗಿ ಫೋಕಸನ್ನು ಅನಂತಕ್ಕೆ ತಿರುಗಿಸಿ ಬಹಳ ದೂರದ ಯಾವುದಾದರೂ ಗುರುತನ್ನು ನೋಡಿ. ನಾನು ರಾಜಾಸೀಟಿನಲ್ಲಿ ನಿಂತು ಎದುರಿನ ಬೆಟ್ಟಸಾಲನ್ನು ನೋಡುತ್ತೇನೆ, ಮಂಜು ಬಿಟ್ಟುಕೊಟ್ಟರೆ. ಕೊಡದಿದ್ದರೆ ಚಂದ್ರನಿಗಾಗಿ ಕಾಯುತ್ತೇನೆ. ಬಿಂಬಗಳು ಅಡ್ಡಡ್ಡವಾಗಿ ಬೇರೆಯಾಗಿದ್ದರೆ ಫೋಕಸ್ ತಪ್ಪುತ್ತದೆ. ಮೇಲೆ-ಕೆಳಗೆ ಸ್ವಲ್ಪ ಜಾರಿದ್ದರೆ ಕಣ್ಣಿಗೆ ಕಿರಿಕಿರಿಯೇ ಹೊರತು ಚಿತ್ರಕ್ಕೆ ಹಾನಿಯಿಲ್ಲ, ಬೆಲೆ ಇಳಿಸುವುದಕ್ಕೆ ಮಾತ್ರ ಒಳ್ಳೆಯ ಕಾರಣ. ನಡುವೆ ಯಾರಾದರೂ ನಿಮಗೆ ಲೈಕಾ ಕಂಪನಿಯ ದುಬಾರಿ ರೇಂಜ್‌ಫೈಂಡರಿನ ಆಸೆ ಹುಟ್ಟಿಸಿದರೆ, 1984ರಲ್ಲಿ ಬಂದ ಅದರ ಎಂ6 ಮಾದರಿಯನ್ನು 2022ರಲ್ಲಿ ಮತ್ತೆ ತಯಾರಿಸತೊಡಗಿದ್ದಾರೆಂಬುದು ನಿಜ, ಆದರೆ ಅದು ಲಕ್ಷಗಳ ಲೆಕ್ಕ, ಈ ವರ್ಷದ ಕಾಫಿಯ ದುಡ್ಡನ್ನು ನೋಡಿಕೊಂಡು ಮಾತನಾಡಿ.

ಸೋಮವಾರಪೇಟೆಯ ಏಲಕ್ಕಿ ಉತ್ತರಿಸುತ್ತಾರೆ:

ನಿಮ್ಮ ಮನೆಯವರ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು, ಉಳಿದವರು ಅದನ್ನು ದಾಟಿಕೊಂಡು ಹೋಗಿದ್ದಾರೆ. ಎರಡು ಲೆನ್ಸ್‌ಗಳನ್ನು ಬೂಷ್ಟಿಗೆ ಕೊಟ್ಟು ಕಲಿತವಳು ನಾನು. ಕ್ಯಾಮೆರಾ ಮನೆಗೆ ಬಂದ ದಿನವೇ ಆ ಚರ್ಮದ ಚೀಲವನ್ನು ಬೇರೆಮಾಡಿ; ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಅದಕ್ಕಿಂತ ಸುಖವಾದ ಹಾಸಿಗೆಯಿಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಮತ್ತು ಒಂದು ಅಗ್ಗದ ತೇವಮಾಪಕ ಇಡಿ, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀಲಿ ಹರಳುಗಳು ನೋಡನೋಡುತ್ತಿದ್ದಂತೆ ಗುಲಾಬಿಯಾಗುತ್ತವೆ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ನೀಲಿಗೆ ತಿರುಗುತ್ತವೆ, ಆದರೆ ಆ ಬಾಣಲೆ ಅಡುಗೆಯದಾಗಿರಬಾರದು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರನ್ನು ಕಂಡಿದ್ದೇನೆ. ತೇವದ ಬದಲು ಹೊಗೆಯ ಜಿಡ್ಡು ಸಿಕ್ಕುತ್ತದೆ, ಅಷ್ಟೇ.

ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ಕಳೆದ ಸಲ ಫಿಲ್ಮ್, ಬೆಂಗಳೂರಿಗೆ ಕೊರಿಯರ್, ಸಂಸ್ಕರಣೆ, ಸ್ಕ್ಯಾನ್ ಎಲ್ಲ ಸೇರಿ ಒಂದು ರೋಲಿಗೆ ನಾನು 1,800 ರೂಪಾಯಿ ಕೊಟ್ಟೆ. 36 ಚಿತ್ರಗಳಿಗೆ ಹಂಚಿದರೆ ಒಂದಕ್ಕೆ 50 ರೂಪಾಯಿ. ಊಟಿಯಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ನಡೆಯುತ್ತಿದ್ದ ಕಾಲದಲ್ಲಿ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಪಕ್ಕದ ಬೆಟ್ಟದಿಂದಲೇ ಬರುತ್ತಿತ್ತು, ಈಗ ಕೈಗೆ ಸಿಗುವುದೆಲ್ಲ ಹೊರದೇಶದ ಸರಕು. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯುವುದಾದರೆ ಮಾತ್ರ ಕೊಡಗಿನವರಿಗೆ ಒಂದು ಅನುಕೂಲವಿದೆ: ಡೆವಲಪರಿಗೆ (ಫಿಲ್ಮ್ ತೊಳೆಯುವ ದ್ರಾವಣಕ್ಕೆ) ಬೇಕಾದ 20 ಡಿಗ್ರಿ ತಾಪಮಾನಕ್ಕಾಗಿ ಬಯಲುಸೀಮೆಯವರು ಮಂಜುಗಡ್ಡೆ ಹುಡುಕುವಾಗ ನಮಗೆ ಚಳಿಗಾಲದಲ್ಲಿ ನಲ್ಲಿಯ ನೀರೇ ಹೆಚ್ಚುಕಡಿಮೆ ಸಾಕಾಗುತ್ತದೆ.

ಪುತ್ತರಿಯ ರಾತ್ರಿಗೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 400ರ ಫಿಲ್ಮನ್ನು ಇದ್ದಂತೆಯೇ ಬಳಸಿದರೆ ಸಾಲದು. 400ರದೇ ಆದ ಕಪ್ಪು-ಬಿಳುಪು ಫಿಲ್ಮ್ ಇಲ್ಫೋರ್ಡ್ ಎಚ್‌ಪಿ5 ಅನ್ನು 1600 ಎಂದು ಭಾವಿಸಿ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡಿ. ಕ್ಯಾನೊನೆಟ್ಟಿನ ಐಎಸ್‌ಒ ಅಂಕಿ 800ಕ್ಕೇ ನಿಲ್ಲುವುದರಿಂದ ಮೀಟರನ್ನು ಮರೆತು, ಕೈಯಾರೆ ಎಫ್ 1.7, 1/30ಕ್ಕೆ ಇಟ್ಟುಕೊಂಡು ದೀಪದ ಹತ್ತಿರ ನಿಲ್ಲಬೇಕು. ಎರಡು ಮೀಟರ್ ದೂರದಲ್ಲಿ ಆಗ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 25 ಸೆಂಟಿಮೀಟರ್ ಮಾತ್ರ. ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಬರುವವರ ಮೇಲೆ ಕತ್ತಲಲ್ಲಿ ಮಚ್ಚೆ ಕೂಡಿಸುವುದು ಆಗದ ಮಾತು, ಬಾಗಿಲಿನ ದೀಪಕ್ಕೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಅವರು ಅಲ್ಲಿಗೆ ಬರುವವರೆಗೆ ಕಾಯಿರಿ.

ಇನ್ನೊಂದು ಮಾತು. ಲೆನ್ಸಿನ ಮುಚ್ಚಳ ಹಾಕಿಯೇ ಇದ್ದರೂ ರೇಂಜ್‌ಫೈಂಡರಿನ ಕಿಟಕಿಯಲ್ಲಿ ಲೋಕವೆಲ್ಲ ಚೆನ್ನಾಗಿಯೇ ಕಾಣುತ್ತದೆ. ಯಾಶಿಕಾದ ಮೀಟರಿನ ಕಣ್ಣು ಲೆನ್ಸಿನ ಹೊರಗಿರುವುದರಿಂದ ಅದೂ ಎಚ್ಚರಿಸಲಿಲ್ಲ, ಒಂದು ಕೈಲ್‌ಪೋದ್ ಹಬ್ಬದ ಇಡೀ ರೋಲನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ. ಕ್ಯಾನೊನೆಟ್ಟಿಗೆ ಮುಚ್ಚಳದ ಬದಲು 48 ಮಿಲಿಮೀಟರಿನ ಯುವಿ ಫಿಲ್ಟರ್ ಹಾಕಿಸಿ.

ಕಕ್ಕಬ್ಬೆಯವನು ಮತ್ತೆ ಬರೆಯುತ್ತಾರೆ:

ಭಾನುವಾರ ಮೈಸೂರಿಗೆ ಹೋಗಿ ಬಂದೆ. ಯಾಶಿಕಾ ‘ಟಕ್’ ಎನ್ನಲಿಲ್ಲ, ಅದರ ಲೆನ್ಸಿನ ಅಂಚಿನಲ್ಲಿ ಬೂಷ್ಟು ಆಗಲೇ ಬೇರುಬಿಟ್ಟಿತ್ತು. ಕ್ಯಾನೊನೆಟ್ಟಿನ ಗಾಜು ಸ್ವಚ್ಛವಾಗಿತ್ತು, 1/4 ಕೂಡ ಎಲ್ಲಿಯೂ ತಡೆಯದೆ ಓಡಿತು. ಅವರ ಮನೆಯ ತಾರಸಿಯಿಂದ ಚಾಮುಂಡಿ ಬೆಟ್ಟದ ಗೋಪುರವನ್ನು ನೋಡಿದರೆ ಕಿಟಕಿಯಲ್ಲಿ ಗೋಪುರದ ಮೇಲೊಂದು ಗೋಪುರ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತ್ತು. ಅಡ್ಡಡ್ಡವಾಗಿ ಮಾತ್ರ ಎರಡೂ ಕೂಡಿದ್ದವು. ಅದನ್ನು ಅವರಿಗೂ ತೋರಿಸಿದೆ. ಬೆಲೆ ಇಳಿಸುವುದಕ್ಕೆ ಅವರು ಒಪ್ಪಲಿಲ್ಲ, ಆದರೆ 3,000 ರೂಪಾಯಿ ಮುಂಗಡ ಪಡೆದು ಪುತ್ತರಿ ಮುಗಿಯುವವರೆಗೆ ಬಳಸಿ ನೋಡಿ, ಒಪ್ಪದಿದ್ದರೆ ಹಿಂದಿರುಗಿಸಿ ಎಂದರು. ಹೂವನ್ನು ಡಿಜಿಟಲ್ಲಿಗೇ ಬಿಟ್ಟಿದ್ದೇನೆ.

ಎರಡು ರೋಲ್ ಎಚ್‌ಪಿ5 ಫ್ರಿಜ್ಜಿನಲ್ಲಿ ಪಂದಿಕರಿಯ ಡಬ್ಬಿಯ ಪಕ್ಕದಲ್ಲಿವೆ. ಸಿಲಿಕಾ ಜೆಲ್ ಹುರಿಯಲು ಹಳೆಯ ಬಾಣಲೆಯೊಂದನ್ನು ಮನೆಯಾಕೆಯೇ ಹುಡುಕಿ ಕೊಟ್ಟಿದ್ದಾಳೆ. ಚರ್ಮದ ಚೀಲವನ್ನು ಮೈಸೂರಿನಲ್ಲಿಯೇ ಬಿಟ್ಟುಬಂದೆ, ಲೆನ್ಸಿನ ಮುಚ್ಚಳ ಅದರೊಳಗೇ ಉಳಿಯಿತು. 48 ಮಿಲಿಮೀಟರಿನ ಫಿಲ್ಟರ್ ವಿರಾಜಪೇಟೆಯಲ್ಲಿ ಸಿಗಲಿಲ್ಲ. ಯಾರ ಬಳಿಯಾದರೂ ಹೆಚ್ಚಿಗೆ ಇದ್ದರೆ ತಿಳಿಸಿ.